ಸ್ಲ್ಯಾಬ್ ಹಾಕುವ ಮುಂಚೆ ದರದ ವಹಿ



ಮನೆ ಕಟ್ಟಲು ಸಂಘದಲ್ಲಿ ಸಾಲ ಕೇಳುವವರು ಸಾಮಾನ್ಯವಾಗಿ ಗೌಂಡಿ ಹೇಳಿದ ಒಂದು ಮೊತ್ತವನ್ನಷ್ಟೇ ತರುತ್ತಾರೆ. "ಸ್ಲ್ಯಾಬಿಗೆ ಇಷ್ಟ ಆಗ್ತದ ರೀ" ಅಂದರೆ ಮುಗಿಯಿತು. ಅದು ಯಾವ ತಿಂಗಳ ದರ ಎಂದು ನಾವೂ ಕೇಳುವುದಿಲ್ಲ. ಪ್ರಧಾನ ಮಂತ್ರಿ ಆವಾಸ್ ಗ್ರಾಮೀಣ ಯೋಜನೆಯಲ್ಲಿ ಬಯಲು ಪ್ರದೇಶಕ್ಕೆ 2016ರಲ್ಲಿ ಗೊತ್ತುಪಡಿಸಿದ ನೆರವು 1,20,000 ರೂಪಾಯಿ. 2024ರಲ್ಲಿ ಯೋಜನೆ ಮುಂದುವರಿದಾಗಲೂ ಅದು ಅಷ್ಟೇ ಉಳಿಯಿತು. ಸಾಮಾನಿನ ದರ ಏರಿದರೆ ಆ ಭಾರ ಬೀಳುವುದು ನಮ್ಮ ಉಳಿತಾಯದ ಮೇಲೆ.

ಕಾಂಕ್ರೀಟಿಗೆ ಒಂದೇ ದರ ಅಂತ ಇರುವುದಿಲ್ಲ. ಅದನ್ನು ಬಿಡಿಸಿ ನೋಡಬೇಕು. 400 ಚದರ ಅಡಿ, 5 ಇಂಚು ದಪ್ಪದ ಸ್ಲ್ಯಾಬಿಗೆ ಒಂದಕ್ಕೆ ಒಂದೂವರೆ, ಮೂರು ಮಿಶ್ರಣದಲ್ಲಿ ಸುಮಾರು 38 ಚೀಲ ಸಿಮೆಂಟ್ ಬೇಕು (ಪೋಲು ಸೇರಿಸಿ 40 ಹಿಡಿಯೋಣ). ಉಸುಕು ಮುಕ್ಕಾಲು ಬ್ರಾಸ್, ಖಡಿ ಒಂದೂವರೆ ಬ್ರಾಸ್, ಕಬ್ಬಿಣದ ಸಳಿ ಅಂದಾಜು 380 ಕಿಲೋ. ಸಳಿಯ ಲೆಕ್ಕ ಮಾತ್ರ ನಕ್ಷೆಯ ಮೇಲೆ ಬದಲಾಗುತ್ತದೆ.

ಈಗ ನೋಡಿ. ಸಿಮೆಂಟ್ ಚೀಲಕ್ಕೆ 40 ರೂಪಾಯಿ ಏರಿದರೆ 1,600 ಹೆಚ್ಚು. ಸಳಿ ಕಿಲೋಗೆ ಬರೇ 10 ರೂಪಾಯಿ ಏರಿದರೆ 3,800! ಎಲ್ಲರೂ ಸಿಮೆಂಟಿನ ಮಾತಾಡುತ್ತಾರೆ, ಜೇಬು ಕೊರೆಯುವುದು ಸಳಿ. ಆದ್ದರಿಂದ ವಹಿಯಲ್ಲಿ ಸಳಿಗೆ ಮೊದಲ ಸಾಲು ಕೊಡಿ.

ತಿಂಗಳಿಗೊಮ್ಮೆ, ಒಂದೇ ತಾರೀಖಿಗೆ, ಬಬಲೇಶ್ವರದ ಒಂದು ಅಂಗಡಿ, ವಿಜಯಪುರದ ಒಂದು ಅಂಗಡಿಯಲ್ಲಿ ದರ ಕೇಳಿ ಬರೆಯಿರಿ. ಕಂಪನಿ, ಸಿಮೆಂಟಿನ ಜಾತಿ, ಗಾಡಿ ಬಾಡಿಗೆ, ಹಮಾಲಿ ಸೇರಿದೆಯೋ ಇಲ್ಲವೋ ಅದೂ ಬರೀಬೇಕು, ಇಲ್ಲದಿದ್ದರೆ ಹೋಲಿಕೆ ಸುಳ್ಳಾಗುತ್ತದೆ. ಉಸುಕಿಗೆ "ಹಸಿ" ಅಥವಾ "ಒಣ" ಎಂದು ಗುರುತು ಹಾಕಿ. ಹಸಿ ಉಸುಕು ಕಾಲು ಪಾಲಿನಷ್ಟು ಉಬ್ಬಬಹುದು, ಅಂದರೆ ಬ್ರಾಸ್ ಲೆಕ್ಕದಲ್ಲಿ ಅಗ್ಗ ಕಂಡದ್ದು ಅಗ್ಗವಲ್ಲ. ಚೀಲದ ಮೇಲೆ ಅಚ್ಚಾದ ವಾರ, ವರ್ಷವನ್ನೂ ನೋಡಿ. ಮೂರು ತಿಂಗಳು ದಾಟಿದ ಸಿಮೆಂಟಿನ ಕಸುವು ಕಡಿಮೆಯಾಗಿರುತ್ತದೆ.

ವಹಿ ಇದ್ದರೆ ಏನು ಗೊತ್ತಾಗುತ್ತದೆ? 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿಯಿತು. 350 ರೂಪಾಯಿಯ ಚೀಲ ಸುಮಾರು 27 ರೂಪಾಯಿ ಇಳಿಯಬೇಕಿತ್ತು. ಇಳಿದಿತ್ತೇ ಎಂದು ಹೇಳಬೇಕಾದರೆ ಆಗಸ್ಟಿನ ದರ ಬರೆದಿಟ್ಟವರಿಂದ ಮಾತ್ರ ಸಾಧ್ಯ. ಮಳೆಗಾಲದಲ್ಲಿ ಕೆಲಸ ಕಡಿಮೆಯಾಗಿ ಸಿಮೆಂಟ್ ದರ ಸಾಮಾನ್ಯವಾಗಿ ಮೆತ್ತಗಾಗುತ್ತದೆ, ಬೇಸಿಗೆಗೆ ಬೇಡಿಕೆ ಹೆಚ್ಚು. ಹಾಗಂತ ಅಗ್ಗ ಸಿಕ್ಕಿತೆಂದು ಮಳೆಯಲ್ಲಿ ಚೀಲ ಕೂಡಿಡಬೇಡಿ, ಗಟ್ಟಿಯಾಗುತ್ತದೆ.

ಇಲಾಖೆಯ ಅಂದಾಜು ಪತ್ರಿಕೆ ತಂದರೆ ಅದರ ಮೇಲಿನ ವರ್ಷ ಓದಿ. ಲೋಕೋಪಯೋಗಿ ಇಲಾಖೆಯ ದರಪಟ್ಟಿ ಆ ದಿನದ ಅಂಗಡಿಯ ದರವಲ್ಲ.

ಉದ್ರಿ ದರಕ್ಕೆ ಬೇರೆ ಸಾಲು ಇರಲಿ. ಎರಡು ತಿಂಗಳ ಉದ್ರಿಗೆ ಚೀಲಕ್ಕೆ 20 ರೂಪಾಯಿ ಹೆಚ್ಚು ಹಿಡಿದರೆ 40 ಚೀಲಕ್ಕೆ 800. ಅದೇ 14,000 ರೂಪಾಯಿಯನ್ನು ಸಂಘದಿಂದ ತಿಂಗಳಿಗೆ ಶೇ. 1ರ ಬಡ್ಡಿಗೆ ತೆಗೆದು ರೋಖ ಕೊಟ್ಟರೆ ಎರಡು ತಿಂಗಳ ಬಡ್ಡಿ 280. ಮುಂದಿನ ಸಭೆಯಲ್ಲಿ ಮನೆ ಸಾಲದ ಅರ್ಜಿ ಬಂದಾಗ ಈ ಎರಡೂ ಲೆಕ್ಕ ಹಾಕಿಸಿ, ಅರ್ಜಿಯ ಜೊತೆ ಆ ತಿಂಗಳ ದರದ ಪುಟವನ್ನೂ ಇಡಿಸಿರಿ.