ಉಡಿದಾರ ಬಿಚ್ಚಿಟ್ಟು ಹೋಗು

ಪುಟ್ಟು,

ಸೊಂಟದ ನೋವು ಕಾಲಿಗಿಳಿದಿದೆ, ಡಾಕ್ಟರು ಎಂಆರ್‌ಐ ಬರೆದುಕೊಟ್ಟಿದ್ದಾರೆ ಅಂತ ನಿನ್ನಮ್ಮ ಫೋನಿನಲ್ಲಿ ಹೇಳಿದಳು. ನಿನಗಿಂತ ಅವಳಿಗೇ ಗಾಬರಿ ಹೆಚ್ಚು. ಇದರಲ್ಲಿ ಎಕ್ಸ್‌ರೇ, ಸಿಟಿ ಸ್ಕ್ಯಾನಿನ ಕಿರಣ ಇಲ್ಲವೆಂದು ಮೊದಲು ಅವಳಿಗೆ ತಿಳಿಸು. ಇಲ್ಲಿ ಕೆಲಸ ಮಾಡುವುದು ಆಯಸ್ಕಾಂತ, ರೇಡಿಯೋ ತರಂಗ. ಮೈಯೊಳಗಿನ ನೀರು, ಕೊಬ್ಬಿನಲ್ಲಿರುವ ಹೈಡ್ರೋಜನ್ ಆ ತರಂಗಕ್ಕೆ ಮರಳಿಸುವ ಸಂಕೇತವನ್ನು ಹಿಡಿದು ಕಂಪ್ಯೂಟರು ಚಿತ್ರ ಕಟ್ಟುತ್ತದೆ. ಎಕ್ಸ್‌ರೇಯಲ್ಲಿ ಕಾಣದ ಡಿಸ್ಕು, ನರ ಇದರಲ್ಲಿ ಕಾಣುತ್ತವೆ.

ಆ ಆಯಸ್ಕಾಂತದ ವಿಷಯ ಮಾತ್ರ ಸ್ವಲ್ಪ ಗಮನವಿಟ್ಟು ಓದು. ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಇರುವುದು 1.5 ಟೆಸ್ಲಾ ಯಂತ್ರ, ಕೆಲವೆಡೆ 3 ಟೆಸ್ಲಾ. 1.5 ಅಂದರೂ ಭೂಮಿಯ ಕಾಂತಬಲದ ಸುಮಾರು 30,000 ಪಟ್ಟು. ಸ್ಕ್ಯಾನ್ ನಡೆಯದಾಗಲೂ, ನಡುರಾತ್ರಿಯಲ್ಲೂ ಅದು ಸೆಳೆಯುತ್ತಲೇ ಇರುತ್ತದೆ. ‘ಮಿಷನ್ ಆಫ್ ಆಗಿದೆ’ ಅಂತ ಯಾರೇ ಹೇಳಿದರೂ ನಂಬಬೇಡ. 2018ರಲ್ಲಿ ಮುಂಬೈಯ ಆಸ್ಪತ್ರೆಯೊಂದರಲ್ಲಿ ರೋಗಿಯ ಕಡೆಯ ಯುವಕನೊಬ್ಬ ಆಮ್ಲಜನಕದ ಸಿಲಿಂಡರ್ ಹಿಡಿದು ಆ ಕೋಣೆಗೆ ಹೋದ. ಸಿಲಿಂಡರಿನ ಜತೆಗೇ ಯಂತ್ರದತ್ತ ಎಳೆಯಲ್ಪಟ್ಟು ಪ್ರಾಣ ಕಳೆದುಕೊಂಡ. ಅವನು ರೋಗಿಯಲ್ಲ, ಜತೆಗೆ ಬಂದವನು ಎಂಬುದನ್ನು ನಿನ್ನಮ್ಮನಿಗೂ ಹೇಳು. ನಿನ್ನ ಜತೆ ಒಳಗೆ ಬರುವುದಾದರೆ ಅವಳ ತಾಳಿ, ಬಳೆ, ಪಿನ್ನುಗಳಿಗೂ ಅದೇ ನಿಯಮ.

ಒಳಗೆ ಬಿಡುವ ಮೊದಲು ಒಂದು ಫಾರಂ ಕೊಡುತ್ತಾರೆ. ಪೇಸ್‌ಮೇಕರ್ ಇದೆಯೇ, ಆಪರೇಷನ್ ಆಗಿದೆಯೇ, ಮೈಯಲ್ಲಿ ರಾಡು, ಕ್ಲಿಪ್ಪು ಉಂಟೇ ಅಂತೆಲ್ಲ ಕೇಳಿರುತ್ತಾರೆ. ಎಲ್ಲಕ್ಕೂ ‘ಇಲ್ಲ’ ಎಂದು ಗೀಚಿ ಸಹಿ ಹಾಕುವ ಜಾತಿಯವನು ನೀನು. ಅದರಲ್ಲಿ ಕಣ್ಣಿಗೆ ಲೋಹದ ಚೂರು ಹಾರಿತ್ತೇ ಎಂಬ ಪ್ರಶ್ನೆ ಇರುತ್ತದೆ, ಅಲ್ಲಿ ನಿಲ್ಲು. ಲೇತ್ ಮೇಲೆ ದುಡಿಯುವವನು, ಗ್ರೈಂಡಿಂಗ್ ಮಾಡುವಾಗ ಕನ್ನಡಕ ಹಾಕದ ಶೂರ ಬೇರೆ! ಎಂದೋ ಹಾರಿದ ಚೂರೊಂದು ಉಳಿದಿದ್ದರೆ ಅಲ್ಲಿ ಅದು ಜರುಗಿ ದೃಷ್ಟಿಗೇ ಕುತ್ತು ತರಬಹುದು. ಅನುಮಾನವಿದ್ದರೂ ಸಾಕು, ಹೇಳು. ಮೊದಲು ಕಣ್ಣಿನ ಎಕ್ಸ್‌ರೇ ತೆಗೆದು ನೋಡುತ್ತಾರೆ.

ಇನ್ನು ನಿನ್ನ ಬೆಳ್ಳಿ ಉಡಿದಾರ. ಬೆಳ್ಳಿ ಆಯಸ್ಕಾಂತಕ್ಕೆ ಅಂಟುವುದಿಲ್ಲವಲ್ಲ ಎಂದು ವಾದಕ್ಕಿಳಿಯಬೇಡ. ರೇಡಿಯೋ ತರಂಗಕ್ಕೆ ಅದು ಬಿಸಿಯಾಗಬಹುದು, ಸಾಲದ್ದಕ್ಕೆ ಚಿತ್ರ ತೆಗೆಯಬೇಕಾದ ಸೊಂಟದ ಮೇಲೇ ಕೂತಿರುತ್ತದೆ. ತಾಯಿತ, ವಾಚು, ಮೊಬೈಲು, ಎಟಿಎಂ ಕಾರ್ಡು ಎಲ್ಲ ಹೊರಗೇ ಇರಲಿ.

ಒಳಗೆ ಕಿರಿದಾದ ಮಂಚದ ಮೇಲೆ ಅಂಗಾತ ಮಲಗಿಸಿ, ಮೊಣಕಾಲಿನಡಿ ದಿಂಬು ಕೊಟ್ಟು ಮೆಲ್ಲಗೆ ಒಳಕ್ಕೆ ಸರಿಸುತ್ತಾರೆ. ಸುರಂಗದ ಅಗಲ 60-70 ಸೆಂಟಿಮೀಟರ್, ಎರಡೂ ಬದಿ ತೆರೆದಿರುತ್ತದೆ. ಇಕ್ಕಟ್ಟೆನಿಸಿದರೆ ಒಳಗೆ ಹೋಗುವ ಮೊದಲೇ ಕಣ್ಣು ಮುಚ್ಚಿಕೋ. ಕೈಗೊಂದು ರಬ್ಬರ್ ಬಲ್ಬು ಕೊಡುತ್ತಾರೆ. ಅದುಮಿದರೆ ಟೆಕ್ನಿಷಿಯನ್ ಕೂಡಲೇ ಮಾತಾಡಿಸುತ್ತಾರೆ, ಬೇಕಾದರೆ ಹೊರಗೆ ಎಳೆಯುತ್ತಾರೆ. ಅದುಮಲು ನಾಚಬೇಡ.

ಸದ್ದು ಮಾತ್ರ ಜೋರು. ಪಕ್ಕದ ಮನೆಯವರು ಗೋಡೆ ಒಡೆಸುತ್ತಿದ್ದಾರೇನೋ ಅನಿಸುತ್ತದೆ. ಒಳಗಿನ ಸುರುಳಿಗಳಲ್ಲಿ ವಿದ್ಯುತ್ತು ಕ್ಷಣಕ್ಷಣಕ್ಕೂ ಬದಲಾಗಿ ಅವು ಅದುರುವುದರಿಂದ ಬರುವ ಸದ್ದು ಅದು. ಯಂತ್ರ ಕೆಟ್ಟಿದೆ ಎಂದುಕೊಳ್ಳಬೇಡ. ಕಿವಿಗೆ ಇಯರ್‌ಪ್ಲಗ್ಗನ್ನೋ ಹೆಡ್‌ಫೋನನ್ನೋ ಕೊಡುತ್ತಾರೆ, ಕೊಡದಿದ್ದರೆ ಕೇಳಿ ಪಡೆ. ಸದ್ದು ನಿಂತಿತೆಂದು ಮಗ್ಗಲು ಬದಲಿಸಬೇಡ, ಮುಂದಿನ ಸುತ್ತು ಬಾಕಿ ಇರಬಹುದು. ಅಲುಗಾಡಿದರೆ ಆ ಸುತ್ತನ್ನು ಮತ್ತೆ ತೆಗೆಯಬೇಕಾದೀತು. ಕೈಗಳನ್ನು ಹೆಣೆದುಕೊಳ್ಳಬೇಡ, ಚರ್ಮಕ್ಕೆ ಚರ್ಮ ತಾಗಿದಲ್ಲಿ ಸುಟ್ಟುಕೊಂಡವರಿದ್ದಾರೆ. ಮೈ ಸ್ವಲ್ಪ ಬೆಚ್ಚಗಾಗುವುದು ಸಹಜ. ಎಲ್ಲಾದರೂ ಚುರುಗುಟ್ಟಿದರೆ ಬಲ್ಬು ಅದುಮು. ಸೊಂಟಕ್ಕೆ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಚಿತ್ರ ಸ್ಪಷ್ಟವಾಗಲೆಂದು ಕೊಡುವ ಇಂಜೆಕ್ಷನ್ ಬಹುತೇಕ ಬೇಕಾಗುವುದಿಲ್ಲ. ಕೊಡುತ್ತೇವೆ ಎಂದರೆ ಕಿಡ್ನಿ ತೊಂದರೆ, ಅಲರ್ಜಿ ಏನಿದ್ದರೂ ಮೊದಲೇ ಹೇಳಿಬಿಡು.

ರಿಪೋರ್ಟು ಅಲ್ಲೇ ಕೈಗೆ ಬರುವುದಿಲ್ಲ, ರೇಡಿಯಾಲಜಿಸ್ಟ್ ನೋಡಿ ಬರೆಯಬೇಕು. ಬಂದಮೇಲೆ ಅದರ ಪದಗಳನ್ನು ಮೊಬೈಲಿನಲ್ಲಿ ಹುಡುಕುತ್ತ ನಿದ್ದೆಗೆಡಬೇಡ. ಡಿಸ್ಕ್ ಬಲ್ಜ್, ಅಂದರೆ ಡಿಸ್ಕು ಉಬ್ಬಿರುವುದು, ನೋವೇ ಇಲ್ಲದ ಎಷ್ಟೋ ಜನರ ಸ್ಕ್ಯಾನಿನಲ್ಲೂ ಸಿಗುತ್ತದೆ. ಫಿಲ್ಮನ್ನು ಮಡಚದೆ, ಸಿಡಿಯ ಜತೆ ಡಾಕ್ಟರ ಹತ್ತಿರ ಒಯ್ಯಿ. ಹಳೆಯ ಎಕ್ಸ್‌ರೇ ಅಲಮಾರಿನ ಮೇಲಿದೆಯಂತೆ, ಅದನ್ನೂ ತೆಗೆದುಕೊಂಡು ಹೋಗು.

ಇಂತಿ ನಿನ್ನ
ದೊಡ್ಡಪ್ಪ