ಎದುರಿನ ಬೈಕ್ ದೂರವಿದೆ ಎನಿಸುವುದೇಕೆ?

ನೇರವಾಗಿ ಎದುರಿಗೆ ಬರುವ ವಾಹನದ ವೇಗವನ್ನು ಕಣ್ಣು ಅಳೆಯುವುದು ಮುಖ್ಯವಾಗಿ ಅದರ ಆಕಾರ ಎಷ್ಟು ಬೇಗ ದೊಡ್ಡದಾಗುತ್ತದೆ ಎಂಬುದರಿಂದ. ದೂರದಲ್ಲಿ ಈ ಬದಲಾವಣೆ ತೀರಾ ಸಣ್ಣದು. ಬೈಕಿನಲ್ಲಿ ಇನ್ನೂ ಸಣ್ಣದು. ಹಾಗಾಗಿ ಕಬ್ಬು ತುಂಬಿದ ಟ್ರ್ಯಾಕ್ಟರ್ ಹತ್ತಿರವಿದೆಯೆಂದೂ ಅದಕ್ಕಿಂತ ಮೊದಲೇ ತಲುಪುವ ಬೈಕ್ ದೂರವಿದೆಯೆಂದೂ ಅನಿಸುತ್ತದೆ. ಅಫಜಲಪುರ ತಾಲ್ಲೂಕಿನ ಅತನೂರಿನಂತಹ ಬಯಲು ಸೀಮೆಯಲ್ಲಿ, ರಾತ್ರಿ ಒಂದೇ ದೀಪ ಕಂಡಾಗ ಈ ತಪ್ಪು ಇನ್ನೂ ಸುಲಭ. ದೂರವನ್ನು ಹೋಲಿಸಿ ನೋಡಲು ಮರ, ಗೋಡೆ ಕಣ್ಣಿಗೆ ಬೀಳುವುದಿಲ್ಲ. ಹೀಗೆ ಅಂದಾಜು ತಪ್ಪುವುದಕ್ಕೆ ಅಜಾಗರೂಕತೆಯೇ ಕಾರಣವಾಗಿರಬೇಕೆಂದಿಲ್ಲ. ಗಂಟೆಗೆ 60 ಕಿ.ಮೀ. ವೇಗದ ಬೈಕಿಗೆ 100 ಮೀಟರ್ ದೂರ ಬರೀ 6 ಸೆಕೆಂಡಿನ ದಾರಿ. ನಿಧಾನ ನಡೆಯುವ ಹಿರಿಯರು ಅಂದಾಜನ್ನು ನಂಬದೆ, ವಾಹನ ಹಾದುಹೋದ ಮೇಲೆಯೇ ರಸ್ತೆ ದಾಟುವುದು ಕ್ಷೇಮ. ರಾತ್ರಿ ಬಿಳಿ ಬಟ್ಟೆ, ಕೈಯಲ್ಲೊಂದು ಟಾರ್ಚ್ ಇದ್ದರೆ ಸವಾರನಿಗೂ ಅವರು ಬೇಗ ಕಾಣುತ್ತಾರೆ.