ವಿಜಯಾ ಔಷಧ ಸೇವನೆಗೆ ಮುನ್ನ

ಕೆಲವು ವರ್ಷಗಳ ಹಿಂದೆ ಬುಕ್ಕಾಪಟ್ಟಣದ ಕಡೆಯ ವೃದ್ಧೆಯೊಬ್ಬರು ಗ್ರಹಣಿ ರೋಗದಿಂದ ಬಳಲಿ ನನ್ನಲ್ಲಿಗೆ ಬಂದಿದ್ದರು. ಜಾತೀಫಲಾದಿ ಚೂರ್ಣವನ್ನು ಕೊಟ್ಟೆನು. ಅವರು ರಾತ್ರಿ ನಿದ್ರೆಯ ಮಾತ್ರೆ ನುಂಗುತ್ತಿದ್ದುದನ್ನು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಮೂರನೆಯ ರಾತ್ರಿ ಎದ್ದಾಗ ತಲೆ ಸುತ್ತಿ ಹೊಸ್ತಿಲ ಬಳಿ ಬಿದ್ದು ಕೈಮೂಳೆ ಮುರಿದುಕೊಂಡರು. ಆ ಚೂರ್ಣದಲ್ಲಿ ಭಂಗಿ ಸೊಪ್ಪು ಸೇರಿರುತ್ತದೆ. ತಪ್ಪು ಔಷಧದ್ದಲ್ಲ, ಕೇಳದೆ ಕೊಟ್ಟ ನನ್ನದು.

ಭಂಗಿ ಸೊಪ್ಪನ್ನೇ ಆಯುರ್ವೇದವು ‘ವಿಜಯಾ’ ಎಂದು ಕರೆಯುತ್ತದೆ. ಅದು ದೀಪನ, ಪಾಚನ, ಗ್ರಾಹಿ. ಜೊತೆಗೆ ಮದಕಾರಿಯೂ ಹೌದು. ಜೀರ್ಣವಾಗುವ ಮೊದಲೇ ದೇಹವನ್ನೆಲ್ಲ ವ್ಯಾಪಿಸುವ ‘ವ್ಯವಾಯಿ’ ಗುಣಕ್ಕೆ ಶಾರ್ಙ್ಗಧರ ಸಂಹಿತೆಯು ಇದನ್ನೇ ಉದಾಹರಿಸಿದೆ. ಆದುದರಿಂದಲೇ ಇದನ್ನು ಶೋಧನ ಮಾಡದೆ ಬಳಸಲಾಗದು. 1945ರ ಔಷಧ ನಿಯಮಗಳ ‘ಇ(1)’ ಅನುಸೂಚಿಯಲ್ಲಿಯೂ ಭಂಗಿ ಸೇರಿದ್ದು, ಅಂತಹ ಔಷಧದ ಚೀಟಿಯ ಮೇಲೆ ವೈದ್ಯರ ಮೇಲ್ವಿಚಾರಣೆಯಲ್ಲಿ ಸೇವಿಸಬೇಕೆಂಬ ಎಚ್ಚರಿಕೆ ಇರಲೇಬೇಕು.

ಇಂದು ನೋವು, ನಿದ್ರಾಹೀನತೆಗಳಿಗೆ ವಿಜಯಾ ತೈಲ, ಗುಳಿಗೆಗಳು ಮನೆಬಾಗಿಲಿಗೇ ಬರುತ್ತಿವೆ. ಸೇವನೆಗೆ ಮುನ್ನ ಈ ಸಂಗತಿಗಳನ್ನು ವೈದ್ಯರಿಗೆ ಮರೆಮಾಚದೆ ತಿಳಿಸಬೇಕು.

ಮೊದಲನೆಯದು, ಈಗಾಗಲೇ ಸೇವಿಸುತ್ತಿರುವ ಔಷಧಗಳು. ನಿದ್ರೆಯ ಮಾತ್ರೆ, ಮದ್ಯಗಳ ಜೊತೆ ಸೇರಿದರೆ ಮಂಪರು ಹೆಚ್ಚುತ್ತದೆ. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಮಾತ್ರೆಯ ಪ್ರಭಾವ ಮಿತಿಮೀರಬಹುದು. 2018ರಲ್ಲಿ ಅಮೆರಿಕವು ಅಪಸ್ಮಾರದ ಕೆಲವು ಬಗೆಗಳಿಗೆ ಒಪ್ಪಿದ ಕ್ಯಾನಬಿಡಿಯಾಲ್ ಔಷಧಕ್ಕೆ ಮುನ್ನ ಯಕೃತ್ತಿನ ರಕ್ತಪರೀಕ್ಷೆ ಮಾಡಿಸಬೇಕು. ವಾಲ್ಪ್ರೊಯೇಟ್ ಸೇವಿಸುವವರಲ್ಲಿ ಯಕೃತ್ತಿಗೆ ತೊಂದರೆಯ ಸಂಭವ ಹೆಚ್ಚು. ಹಾಗೆಂದು ಅಪಸ್ಮಾರದ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು.

ಎರಡನೆಯದು, ದೇಹಸ್ಥಿತಿ. ಹೃದ್ರೋಗ, ಯಕೃತ್ತಿನ ರೋಗ, ಸ್ವಂತಕ್ಕೆ ಅಥವಾ ಮನೆತನದಲ್ಲಿ ಚಿತ್ತವಿಕಲತೆ ಇದ್ದರೆ ಹೇಳಲೇಬೇಕು. ಗರ್ಭಿಣಿಯರು, ಹಾಲುಣಿಸುವ ತಾಯಂದಿರು ಇದನ್ನು ಸೇವಿಸಬಾರದು.

ಮೂರನೆಯದು, ಮಾತ್ರೆ ಮತ್ತು ಕಾಲ. ಬಾಯಿಯಿಂದ ಸೇವಿಸಿದ ಔಷಧದ ಪ್ರಭಾವ ತೋರಲು ಒಂದೆರಡು ಗಂಟೆ ಹಿಡಿಯಬಹುದು. ಏನೂ ಆಗಲಿಲ್ಲವೆಂದು ಮತ್ತೆ ಸೇವಿಸುವುದು ಅಪಾಯ. ಅತ್ಯಲ್ಪ ಪ್ರಮಾಣದಿಂದ ರಾತ್ರಿಯಲ್ಲಿ ಆರಂಭಿಸಿ, ವಾಹನ ಓಡಿಸುವುದನ್ನೂ ಬಾವಿಯ ಬಳಿ ಹೋಗುವುದನ್ನೂ ವರ್ಜಿಸಬೇಕು. ಹಿರಿಯರು ಹಾಸಿಗೆಯಿಂದ ನಿಧಾನವಾಗಿ ಏಳಬೇಕು. ಔಷಧವು ಮಕ್ಕಳ ಕೈಗೆ ಸಿಗದಂತೆ ಬೀಗದಲ್ಲಿರಲಿ.

ನಾಲ್ಕನೆಯದು, ಮೂಲ. ಪರವಾನಗಿ ಸಂಖ್ಯೆ, ತಯಾರಿಕೆಯ ದಿನಾಂಕಗಳಿಲ್ಲದ ಸೀಸೆಯನ್ನು ಮುಟ್ಟಬೇಡಿ. 1985ರ ಮಾದಕ ದ್ರವ್ಯ ಕಾಯಿದೆಯ ಗಾಂಜಾ ವ್ಯಾಖ್ಯೆಯಿಂದ ಹೂತುದಿಯಿಲ್ಲದ ಎಲೆ, ಬೀಜಗಳು ಹೊರತಾಗಿವೆಯೇ ಹೊರತು ಗಿಡ ಬೆಳೆಯಲು ಯಾರಿಗೂ ಮುಕ್ತ ಅನುಮತಿಯಿಲ್ಲ.

ಸೊಪ್ಪಿನ ಔಷಧದಿಂದ ಕೆಡುಕಿಲ್ಲವೆಂಬ ನಂಬಿಕೆಯೇ ಮೊದಲ ಅಪಾಯ. ಈಗ ನಾನು ನಾಡಿ ಹಿಡಿಯುವ ಮುನ್ನ ಮಾತ್ರೆಗಳ ಚೀಲವನ್ನು ಬಿಚ್ಚಿಸುತ್ತೇನೆ. ತಮ್ಮ ವೈದ್ಯರು ಕೇಳದಿದ್ದರೂ ಆ ಚೀಲವನ್ನು ತಾವೇ ಅವರ ಮುಂದಿಡಿ.